ಇಸಿದೋರ್ ಪೊರ್ಬುಗಳ ಹದಿಮೂರನೇ ಪುಟ

ಸೋತಿರಾ? ಸೋತೆ ಅಂತ ಬಾಯಿ ಬಿಟ್ಟು ಹೇಳಿ ಇಸಿದೋರ್ ಪೊರ್ಬುಗಳೇ! ಒಗಟು ಪುನಃ ಕೇಳ್ತೇನೆ. ಹದಿಮೂರು ದಿನ, ದಿನಕ್ಕೊಂದು ಸೇರಿಸಿದ್ದು. ಕಡೆಗೆ ನೋಡಿದರೆ ಒಂದೇ ಉಂಟು. ಎಂತ ಅದು? ... ಕೋಳಿಮೊಟ್ಟೆಯಾ? ಅಯ್ಯೋ ದೇವರೇ! ಅಲ್ಲ ಮಾರಾಯ್ರೆ. ನಿಮ್ಮ ಪುಸ್ತಕ!

ಎಂತಕ್ಕೆ ಏಳುದು? ಕೂತುಕೊಳ್ಳಿ, ಕೂತುಕೊಳ್ಳಿ. ನಿಮ್ಮ ಪ್ರೆಸ್ಸಿನ ಹಳೇ ಪಾರ್ಟ್ನರ್ ಡೆನ್ಜಿಲ್ ಅಂಕಲಿಗೆ ಅಂತ ಬರೆದ ಪುಸ್ತಕ ಎಲ್ಲಿಗೂ ಹೋಗಿಲ್ಲ. ಹದಿಮೂರು ಪುಟವೂ ನನ್ನ ಕೈಯಲ್ಲೇ ಉಂಟು. ಈಗ ಓದಿ ಹೇಳ್ತೇನೆ. ಆದರೆ ಮೊದಲು ಒಪ್ಪಿಕೊಳ್ಳಿ, ದಿನಾ ನಿಮ್ಮ ಕೆಲಸಕ್ಕೆ ಬರುವ ಈ ಮೋಕ್ಷಿತ್ ಪಿಯುಸಿಯಲ್ಲಿ ಮಾತ್ರ ಫೇಲು, ತಲೆಯಲ್ಲಿ ಅಲ್ಲ ಅಂತ. ... ಒಪ್ಪುದಿಲ್ಲವಾ? ಬೇಡ. ಕೇಳಿ ಆದ ಮೇಲೆ ಒಪ್ಪಿದರೆ ಸಾಕು.

ನಿಮ್ಮ ಈ ಹಳದಿ ತಿರುಗಿದ ಕಂಪ್ಯೂಟರ್ ಉಂಟಲ್ಲ, ಪ್ರೆಸ್ಸಿನ ಕಾಲದ್ದು. ಇದರ ಕೀಬೋರ್ಡ್ ಬಿಟ್ಟರೆ ಬೇರೆ ಯಾವುದರಲ್ಲೂ ನಿಮ್ಮ ಬೆರಳು ಓಡುದಿಲ್ಲ. ಕಣ್ಣು ಮಂಜಾದರೂ ಬೆರಳಿಗೆ ಅಕ್ಷರ ಗೊತ್ತು. ಸರಿ. ಆದರೆ ಅದರ ಹೊಟ್ಟೆಯಲ್ಲಿ ಜಾಗ ಇಲ್ಲ. ಹಾಗಾಗಿ ಬರೆದದ್ದನ್ನು ವಯರಿನಲ್ಲಿ ಕಳಿಸಿ ಆ ಕಪ್ಪು ಪೆಟ್ಟಿಗೆಯಲ್ಲಿ, ಅಂದರೆ ಇನ್ನೊಂದು ಕಂಪ್ಯೂಟರಿನಲ್ಲಿ, ಇಡುದು. ಮೊದಲಿನ ಪೆಟ್ಟಿಗೆ ಸತ್ತಾಗ ಇದನ್ನು ಗುಜರಿಯಿಂದ ಹೊತ್ತುಕೊಂಡು ಬಂದದ್ದು ಯಾರು? ನಾನು! ಅದೂ ಮುದುಕ, ಇದೂ ಮುದುಕ... ನಿಮಗೆ ಹೇಳಿದ್ದಲ್ಲ! ಎರಡು ಬೇರೆ ಬೇರೆ ಮನೆತನದ ಮುದುಕರು, ಒಳಗಿನ ಸಿಸ್ಟಮ್ ಬೇರೆ. ಫೈಲು ತೆರೀಬೇಕಾದರೆ ಹಳದಿಯವ ಕಪ್ಪಿನವನಿಗೆ ಒಂದು ನಂಬರ್ ಕಳಿಸ್ತಾನೆ. ಫ್ಲ್ಯಾಗ್ ಅಂತ ಹೇಳುದು ಅದಕ್ಕೆ. ೧೦೨೪. ಹಳದಿಯವನ ಪಟ್ಟಿಯಲ್ಲಿ ಅದು ‘ಇದ್ದದ್ದು ಇರಲಿ, ಕೊನೆಗೆ ಸೇರಿಸು.’ ಕಪ್ಪಿನವನ ಪಟ್ಟಿಯಲ್ಲಿ? ‘ಇದ್ದದ್ದನ್ನೆಲ್ಲ ಒರಸಿ ಬರಿ!’ ದಿನಾ ನೀವು ಸೇರಿಸುದು, ದಿನಾ ಅವ ಒರಸುದು. ನೀವೋ, ಬರೆದದ್ದನ್ನು ತಿರುಗಿ ನೋಡುವ ಜನವೇ ಅಲ್ಲ...

ಎಂತ ನೆಗಾಡುದು? ಮೂರು ದಿನ ನಾನು ಊಟ ಬಿಟ್ಟು, ಇಬ್ಬರ ನಡುವೆ ಹೋಗುವ ನಂಬರುಗಳನ್ನು ಒಂದೊಂದಾಗಿ ಕಾದು ಕೂತು ಹಿಡಿದದ್ದು. ಈಗ ನಡುವೆ ಒಬ್ಬ ದುಭಾಷಿಯನ್ನು ಕೂರಿಸಿದ್ದೇನೆ, ಸಣ್ಣ ಪ್ರೋಗ್ರಾಮ್. ೧೦೨೪ ಬಂದರೆ ಕಪ್ಪಿನವನಿಗೆ ೮ ಅಂತ ದಾಟಿಸ್ತದೆ. ಸೇರಿಸು ಅನ್ಲಿಕ್ಕೆ ಅವನ ಲೆಕ್ಕದಲ್ಲಿ ೮. ಯಾವ ಇಂಜಿನಿಯರ್ ಬಂದು ಮಾಡ್ತಿದ್ದ, ಹೇಳಿ ನೋಡುವ!

ಒರಸಿ ಹೋದ ಪುಟ ಹೇಗೆ ಸಿಕ್ಕಿತು ಅಂತಲಾ? ನಿಮ್ಮದೇ ಅಭ್ಯಾಸ ಉಳಿಸಿದ್ದು. ಬರೆದ ಕೂಡಲೇ ಪ್ರಿಂಟರಿನಲ್ಲಿ ಕರ್ರ್ ಅಂತ ಪ್ರೂಫ್ ತೆಗೆದು ಡ್ರಾಯರಿಗೆ ಹಾಕ್ತೀರಲ್ಲ, ಹನ್ನೆರಡು ಹಾಗೆ ಸಿಕ್ಕಿತು. ಹದಿಮೂರನೇ ದಿನ ಕಾಗದ ಮುಗಿದಿತ್ತು. ಬರೇ ರೋಲರಿಗೆ ಹೊಡೆದದ್ದು ಅದು! ನೀವು ಶಬ್ದ ಕೇಳಿ ಆಯ್ತು ಅಂದುಕೊಂಡಿರಿ. ಪರವಾಗಿಲ್ಲ, ಕೊನೆಯದ್ದು ಪೆಟ್ಟಿಗೆಯಲ್ಲಿ ಇತ್ತಲ್ಲ. ... ಇತ್ತು. ಇತ್ತು ಅಂದೆನಲ್ಲ!

ಅದನ್ನೇ ಓದ್ತೇನೆ. ಮೊದಲಿನದ್ದೆಲ್ಲ ನಿಮಗೆ ಗೊತ್ತುಂಟು. ಹನ್ನೆರಡನೆಯದು ಬಂದು ನಿಂತದ್ದು ಆ ಮದುವೆ ಕಾರ್ಡಿನ ಗಲಾಟೆಯಲ್ಲಿ. ಹ್ಞಾಂ, ಕೇಳಿ. ‘ಮದುವೆ ಹದಿನಾಲ್ಕಕ್ಕೆ, ಕಾರ್ಡಿನಲ್ಲಿ ಹದಿನೈದು. ಇನ್ನೂರು ಮಂದಿ ಸೂಟು ಸೀರೆ ಹಾಕಿಕೊಂಡು ಖಾಲಿ ಇಗರ್ಜಿಗೆ ಬಂದರು. ಡೆನ್ಜಿಲ್ ಪ್ರೂಫ್ ನೋಡಲಿಲ್ಲ ಅಂತ ನಾನು ಊರಿಗೆಲ್ಲ ಹೇಳಿದೆ. ಪ್ರೆಸ್ಸು ಎರಡಾಯ್ತು. ಹತ್ತೊಂಬತ್ತು ವರ್ಷ ಮಾತಿಲ್ಲ. ಆದರೆ ಡೆನ್ಜಿಲ್ ತಿದ್ದಿ ಕೊಟ್ಟಿದ್ದ. ಅಕ್ಷರ ಬದಲಿಸದೆ ಅಚ್ಚಿಗೆ ಹಾಕಿದವ ನಾನು. ತಪ್ಪು ನನ್ನದು. ಬಾ ಮಾರಾಯ, ಒಟ್ಟಿಗೆ ಊಟ ಮಾಡುವ.’

ಹೇಗೆ? ... ಎಂತ? ಎಂತ ತಲೆ ಅಲ್ಲಾಡಿಸುದು? ನಿಮ್ಮದೇ ಮಾತು ಮಾರಾಯ್ರೆ! ಪ್ರಾಯ ಆಯ್ತು, ಮರೆತಿರಬಹುದು... ಬೈಯಿರಿ ಬೇಕಾದರೆ. ನನ್ನ ಕಡೆಗೆ ಹಾಗೆ ಮುಖ ಮಾಡಿ ಕೂರ್ಬೇಡಿ. ಕಾಣುದಿಲ್ಲ ಅಂತ ಗೊತ್ತಿದ್ದರೂ ಹೆದರಿಕೆ ಆಗ್ತದೆ.

ಇನ್ನೊಂದು ಉಂಟು, ಅದನ್ನೂ ಕೇಳಿಬಿಡಿ. ಬೆಳಿಗ್ಗೆ ಉಳ್ಳಾಲಕ್ಕೆ ಹೋಗಿ ಡೆನ್ಜಿಲ್ ಅಂಕಲಿಗೆ ಪುಸ್ತಕದ ಇನ್ನೊಂದು ಪ್ರತಿ ಕೊಟ್ಟು ಬಂದೆ. ಹೌದು, ನಿಮ್ಮತ್ರ ಕೇಳದೆ! ಅವರು ಈ ಪುಟವನ್ನು ಎರಡು ಸಲ ಓದಿದರು. ‘ಅವ ಹೀಗೆ ಬರೆದನಾ?’ ಅಂತ ಕೇಳಿದರು. ಒಳಗೆ ಹೋಗಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದರು. ಈಗ ನಂತೂರಿನ ಟ್ರಾಫಿಕ್ ಬ್ಲಾಕಿನಲ್ಲಿ ಬಸ್ಸಿನೊಳಗೆ ಬೆವರ್ತಾ ಇರಬಹುದು...

ಪೊರ್ಬುಗಳೇ? ಆ ಪುಟಕ್ಕೆ ಎಂತಕ್ಕೆ ಕೈ ಚಾಚುದು?

ಸರಿ! ಪೆಟ್ಟಿಗೆಯಲ್ಲಿ ಇತ್ತು, ನಾನು ಕೈ ಹಾಕುವವರೆಗೆ ಇತ್ತು. ನಿಜವಾಗಿ ಒರಸ್ತದಾ ಅಂತ ನೋಡ್ಲಿಕ್ಕೆ ಬೇರೆ ಫೈಲು ತೆಗೀಬೇಕಿತ್ತು. ನಾನು ನಿಮ್ಮದಕ್ಕೇ ಒಂದು ಗೆರೆ ಸೇರಿಸಿದೆ. ‘ಪೊರ್ಬುಗಳು ಕುಂಬಳಕಾಯಿ.’ ಅಷ್ಟೇ ಉಳಿದದ್ದು. ನಿಮ್ಮ ಆ ಕೊನೆಯ ಪುಟದ್ದು ಒಂದಕ್ಷರವೂ ನಾನು ಓದಿಲ್ಲ. ಆ ಕಾರ್ಡಿನ ತಪ್ಪು ಯಾರದ್ದು ಅಂತ ನನಗೆಂತ ಗೊತ್ತು? ಒಬ್ಬರು ತಪ್ಪು ನನ್ನದು ಅಂದರೆ ಇನ್ನೊಬ್ಬರು ಬರ್ತಾರೆ, ಅಷ್ಟು ಗೊತ್ತಿತ್ತು. ಬರ್ತಾ ಇದ್ದಾರಲ್ಲ! ನಾಳೆಯಿಂದ ಬರಬೇಡ ಅಂತೀರಾ, ಬರುದಿಲ್ಲ. ಆದರೆ ಮಾಡಿದ್ದಕ್ಕೆ ನನಗೆ ಬೇಸರ ಇಲ್ಲ, ಕೇಳಿತಾ?

ಗೇಟು... ಬಂದರು ಅಂತ ಕಾಣ್ತದೆ. ನಾನು ಹೇಳುದಿಲ್ಲ ಅವರತ್ರ. ಹೇಳುದಾದರೆ ನೀವೇ ಹೇಳಿ, ಕೊನೆಯ ಪುಟ ನನ್ನದಲ್ಲ, ಈ ಮೋಕ್ಷಿತ್ ಕೂತು ಕಟ್ಟಿದ್ದು ಅಂತ.