ಡಂಗುರಕ್ಕೆ ಮುಂಚಿನ ಕೊಯ್ಲು

ದಿಜೋನ್ ಪಟ್ಟಣದ ನ್ಯಾಯಾಧೀಶರೂ ಹಳ್ಳಿಯ ಧಣಿಯೂ ಆದ ದ ವರ್ಜೋಲರ ಮನೆಯೆದುರು ಚೆಸ್ಟ್‌ನಟ್ ಹುರಿಯುತ್ತಿದ್ದ ಮುದುಕಿ ಪೆರೀನಳ ಕಿವಿ ನಿಮಿರಿತು. ಒಳಗಿಂದ ಬಂದ, ಆ ಹಳ್ಳಿಯ ರೈತ ಬೆನೀನ್ಯನನ್ನು ಹೆಂಡತಿ ಬಾಗಿಲಲ್ಲೇ ಹಿಡಿದು ನಿಲ್ಲಿಸಿದ್ದಳು.

“ಜೈಲಾ?”

“ಬಿಟ್ಬಿಟ್ರು ಕಣೇ!”

“ಧಣಿ ಕೊಯ್ಲಿನ ಡಂಗುರ ಹೊಡೆಸೋ ಮುಂಚೆ ದ್ರಾಕ್ಷಿ ಕುಯ್ಬಾರ್ದಿತ್ತು ಅಂತ ನೀವು ಒಪ್ಕೊಂಡ್ರಾ?”

“ಹೂಂ. ಆಲಿಕಲ್ಲಿನ ಮೋಡ ಕಂಡು ಕುಯ್ದೆ ಅಂದೆ.”

“ಅದಕ್ಕವರು?”

“ಕೋರ್ಟಿನ ಗಡಿಬಿಡೀಲಿ ಡಂಗುರದ ಅಪ್ಪಣೆ ಕಳಿಸೋದೇ ಮರ್ತಿದ್ರಂತೆ. ಅವರ ತೋಟ ಆಲಿಕಲ್ಲಿಗೆ ನೆಲಕಚ್ಚಿತಲ್ಲ! ‘ನಿನಗೆ ಶಿಕ್ಷೆ ಕೊಟ್ರೆ ನನಗೇನು ಕೊಡ್ಲಯ್ಯಾ’ ಅಂತ ನಕ್ಕುಬಿಟ್ರು.”

“ಸದ್ಯ, ಬದುಕಿದ್ವಿ!”

“ಈ ವರ್ಷ ಅವರ ಊಟಕ್ಕೆ ನಮ್ಮ ವೈನೇ ಬೇಕಂತೆ.”

“ಕೊಡ್ತೀನಿ ಅಂದ್ರಿ ತಾನೇ?”

“ಮೊದಲು ಡಂಗುರ ಹೊಡೆಸಿ ಬುದ್ಧಿ, ಆಮೇಲೆ ಪೀಪಾಯಿ ತೆಗೀತೀನಿ ಅಂದೆ.”

ಹೆಂಡತಿ ಅವನ ಬಾಯಿ ಮುಚ್ಚಿ, ನಗುತ್ತಲೇ ಬೀದಿಯ ತಿರುವಿನಾಚೆ ಎಳೆದೊಯ್ದಳು.