ಕೇಳಿಸದೆ ‘ಆಯ್ತು’ ಅಂದದ್ದು

ಕಾರ್ಖಾನೆಯಲ್ಲಿ ಎಲ್ಲರೂ ದೊಡ್ಡಣ್ಣ ಎಂದು ಕರೆಯುವ ನಾನು, ವಯಸ್ಸು ಐವತ್ತಮೂರು, ಉದ್ಯೋಗ ತಗಡು ಒತ್ತುವ ಪ್ರೆಸ್ಸಿನ ಆಪರೇಟರ್, ವಾಸ ಕಾರ್ಖಾನೆಯ ಹಿಂಬದಿಯ ಕ್ವಾರ್ಟರ್ಸ್, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಹೆಂಡತಿಯ ತಮ್ಮ ಅದೇ ಪ್ರೆಸ್ಸಿನಲ್ಲಿ ನನ್ನ ಜೊತೆಗಾರ. ಅವನು ತಗಡು ಇಟ್ಟು ತೆಗೆಯುತ್ತಾನೆ, ನಾನು ಪೆಡಲ್ ತುಳಿದು ಪ್ರೆಸ್ಸನ್ನು ಕೆಳಗಿಳಿಸುತ್ತೇನೆ. ತಗಡು ಸಿಕ್ಕಿಕೊಂಡರೆ ಅವನು ಕೂಗಿ ಹೇಳಬೇಕು, ನಾನು ‘ಆಯ್ತು’ ಎಂದ ಮೇಲೆಯೇ ಕೈ ಹಾಕಬೇಕು. ಇದು ನಮ್ಮಲ್ಲಿನ ನಿಯಮ.

ಕಳೆದ ವರ್ಷದಿಂದ ಕಾರ್ಖಾನೆಯಲ್ಲಿ ಎಲ್ಲರ ಕಣ್ಣು, ಕಿವಿ, ಬೆನ್ನು ಪರೀಕ್ಷೆ ಮಾಡುತ್ತಿದ್ದಾರೆ. ಮೈಗೆ ಒಗ್ಗದ ಕೆಲಸದಿಂದ ಬೇರೆ ಕೆಲಸಕ್ಕೆ ಹಾಕುತ್ತಾರೆ, ಸಂಬಳ ಕಡಿಮೆ ಮಾಡುವುದಿಲ್ಲ. ಕಣ್ಣು ಮಂಜಾದ ಕ್ರೇನ್ ಚಾಲಕನನ್ನು ಹಾಗೆ ಪ್ಯಾಕಿಂಗ್ ವಿಭಾಗಕ್ಕೆ ಹಾಕಿದಾಗ ಅವನಿಗೆ ‘ಅಜ್ಜಮ್ಮ’ ಎಂದು ಹೆಸರಿಟ್ಟವನು ನಾನೇ. ಕ್ಯಾಂಟೀನಿನಲ್ಲಿ ಎಲ್ಲರೂ ನಕ್ಕರು. ಅವನೂ ನಕ್ಕನು, ಆದರೆ ಆಮೇಲೆ ನಮ್ಮ ಮೇಜಿಗೆ ಊಟಕ್ಕೆ ಬರಲಿಲ್ಲ.

ಆಗಲೇ ನನ್ನ ಕಿವಿ ಮಂದವಾಗಿತ್ತು. ಸದ್ದು ತಡೆಯಲೆಂದು ಕಾರ್ಖಾನೆಯವರು ಕೊಟ್ಟ ಇಯರ್ ಪ್ಲಗ್ ಹಾಕುವುದು ಹೇಡಿಗಳ ಕೆಲಸವೆಂದು ನಾನು ಎಂದೂ ಹಾಕಿಕೊಂಡವನಲ್ಲ. ಪರೀಕ್ಷೆಯ ದಿನ ಸದ್ದು ಕೇಳಿದಾಗಲೆಲ್ಲ ಕೈ ಎತ್ತಬೇಕಿತ್ತು; ಗಾಜಿನ ಆಚೆ ನರ್ಸಮ್ಮ ಗುಂಡಿ ಒತ್ತುವಾಗ ಅವರ ಭುಜ ಅಲುಗುವುದನ್ನು ನೋಡಿ ಕೈ ಎತ್ತಿದೆನು. ನನ್ನ ಕಿವಿ ಹುಡುಗರ ಕಿವಿಯಂತಿದೆ ಎಂದು ಅವರು ಹೇಳಿದರು. ಮನೆಯಲ್ಲಿ ಇದನ್ನೇ ಜಂಬದಿಂದ ಹೇಳಿಕೊಂಡೆನು.

ಭಾಮೈದನಿಗೆ ಮಾತ್ರ ಗೊತ್ತಾಯಿತು. ‘ಹೇಳ್ಬಿಡಿ ಭಾವ, ಬೇರೆ ಕೆಲಸ ಕೊಡ್ತಾರೆ’ ಎಂದನು. ಬಾಯಿ ಮುಚ್ಚಿಕೊಂಡಿರಲು ನಾನು ಹೇಳಿದೆನು. ಅಂದಿನಿಂದ ಅವನು ಕೂಗುವಾಗ ನನ್ನ ಮುಖ ನೋಡಿಯೇ ಕೂಗುತ್ತಿದ್ದನು, ನಾನು ತುಟಿ ನೋಡಿ ಉತ್ತರ ಕೊಡುತ್ತಿದ್ದೆನು.

ಮೊನ್ನೆ ಬೆಳಿಗ್ಗೆ ಸುಮಾರು ಹತ್ತೂವರೆಗೆ ಸೂಪರ್‌ವೈಸರ್ ನನ್ನ ಪಕ್ಕಕ್ಕೆ ಬಂದು, ತಲೆ ತಗ್ಗಿಸಿ ಕೈಯಲ್ಲಿದ್ದ ಹಾಳೆ ನೋಡುತ್ತಾ ಏನೋ ಹೇಳಿದರು. ತುಟಿ ಕಾಣದೆ ಒಂದು ಅಕ್ಷರವೂ ತಿಳಿಯಲಿಲ್ಲ. ‘ಏನಂದ್ರಿ’ ಎಂದು ಕೇಳಿದರೆ ಗುಟ್ಟು ರಟ್ಟಾಗುತ್ತದೆಂದು ಹೆದರಿ, ‘ಆಯ್ತು, ಆಯ್ತು’ ಎಂದು ಗಟ್ಟಿಯಾಗಿ ಹೇಳಿ ಪೆಡಲ್ ತುಳಿದೆನು. ಅದೇ ಹೊತ್ತಿಗೆ ತಗಡು ಸಿಕ್ಕಿಕೊಂಡು ಭಾಮೈದನು ನನ್ನನ್ನು ಕೂಗಿದ್ದನು. ನನ್ನ ಮಾತು ತನಗೇ ಕೊಟ್ಟ ಉತ್ತರವೆಂದು ತಿಳಿದು ಕೈ ಹಾಕಿದ್ದನು. ಅವನ ಕಿರುಚಾಟವೂ ನನಗೆ ಕೇಳಿಸಲಿಲ್ಲ. ಸೂಪರ್‌ವೈಸರ್ ಮುಖ ಬಿಳಿಚಿದ್ದನ್ನು ಕಂಡು ತಿರುಗಿದೆನು. ಭಾಮೈದನ ಬಲಗೈಯ ಮೂರು ಬೆರಳು ಹೋಗಿವೆ.

ಅಂದು ಸಂಜೆ ಈ ಠಾಣೆಯವರು ಆಸ್ಪತ್ರೆಗೆ ಬಂದಾಗ, ತಾನೇ ಕೂಗದೆ ಕೈ ಹಾಕಿದೆನೆಂದು ಅವನು ಹೇಳಿದನು. ನಾನು ಮಂಚದ ಪಕ್ಕದಲ್ಲೇ ನಿಂತು ಅವನ ತುಟಿ ನೋಡುತ್ತಿದ್ದೆನು. ಸುಮ್ಮನಿದ್ದೆನು. ತಪ್ಪು ಅವನದೇ ಎಂದಾದರೆ ಪರಿಹಾರ ಸಿಗುವುದು ಕಷ್ಟವೆಂದು ನನಗೆ ಗೊತ್ತಿತ್ತು.

ಇಂದು ಬೆಳಿಗ್ಗೆ ನನ್ನ ಹೆಂಡತಿ ತಮ್ಮನಿಗೆ ಗಂಜಿ ಕುಡಿಸುತ್ತಾ, ಇಷ್ಟು ವರ್ಷ ಭಾವನ ಜೊತೆ ಇದ್ದೂ ಬುದ್ಧಿ ಕಲಿಯಲಿಲ್ಲವೇ ಎಂದು ಬೈದಳು. ‘ತಪ್ಪಾಯ್ತು ಅಕ್ಕ’ ಎಂದು ಅವನು ತಲೆ ತಗ್ಗಿಸಿ ಇನ್ನೊಂದು ಚಮಚಕ್ಕೆ ಬಾಯಿ ತೆರೆದನು. ಅದನ್ನು ನನ್ನಿಂದ ನೋಡಲಾಗಲಿಲ್ಲ.

ಅವಳನ್ನು ಹೊರಗೆ ಕರೆದು ಎಲ್ಲವನ್ನೂ ಹೇಳಿದೆನು. ಅವಳು ಕೈಯಲ್ಲಿದ್ದ ಗಂಜಿಯ ಬಟ್ಟಲನ್ನು ಕಿಟಕಿಯ ಮೇಲಿಟ್ಟಳು. ಅನಂತರ ಗೋಡೆಯ ಕಡೆ ತಿರುಗಿ ಏನೋ ಹೇಳಿದಳು. ಏನೆಂದು ಕೇಳುವ ಮುಖ ನನಗಿರಲಿಲ್ಲ. ಅಲ್ಲಿಂದ ನೇರವಾಗಿ ಇಲ್ಲಿಗೆ ಬಂದಿದ್ದೇನೆ.

ಭಾಮೈದನು ಕೂಗಿದ್ದು ನಿಜ, ಅವನ ತಪ್ಪು ಏನೂ ಇಲ್ಲ. ಬರೆದುಕೊಂಡವರು ಇದನ್ನು ನನಗೆ ಓದಿ ಹೇಳಿದರು. ಎಲ್ಲವೂ ಕೇಳಿಸಲಿಲ್ಲವೆಂದು ತಿಳಿಸಿ, ಹಾಳೆ ಕೇಳಿ ಪಡೆದು ನಾನೇ ಓದಿಕೊಂಡಿದ್ದೇನೆ. ಬರೆದಿರುವುದೆಲ್ಲವೂ ಸತ್ಯ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಅಪಘಾತದ ಮೂರನೆಯ ದಿನ, ಮಧ್ಯಾಹ್ನ
(ಸಹಿ)