ದೊಡ್ಡ ಡ್ರಮ್ಮಿನ ಹುಡುಗಿ

ಯಾದಗಿರಿ ಬಸ್ ನಿಲ್ದಾಣದಲ್ಲಿ ಶಹಾಪುರದ ಬಸ್ಸಿಗೆ ಕಾಯುತ್ತಿದ್ದ ಶಿವಬಸಮ್ಮನ ಪಕ್ಕ ಒಬ್ಬ ಅಪ್ಪನೂ ಶಾಲಾ ಬ್ಯಾಂಡಿನ ಉಡುಪಿನಲ್ಲಿದ್ದ ಅವನ ಮಗಳೂ ಕೂತಿದ್ದರು. ಮಗಳ ತೊಡೆಯ ಮೇಲೆ ಸಣ್ಣ ಡ್ರಮ್ಮಿತ್ತು.

"ನಿಮ್ಮ ಬ್ಯಾಂಡಿನ ಆ ಹುಡುಗಿ ನುಜ್ಹತ ತಾಳ ತಪ್ಪದಿದ್ರ ಇವತ್ತಿನ ಸ್ಪರ್ಧಾದಾಗ ಬಹುಮಾನ ನಮಗೇ ಬರ್ತಿತ್ತು," ಅಂದ ಅಪ್ಪ.

"ಮೊದಲ ತಪ್ಪಿದ್ದು ನಾನಪ್ಪ."

"ಏನಂದಿ?"

"ನಾ ಗಾಬರ್ಯಾಗಿ ಜಲ್ದಿ ಬಾರಿಸಿದ್ನಿ. ನಾ ಒಬ್ಬಾಕಿನೇ ತಪ್ಪಿದ್ದು ಕಾಣಬಾರ್ದಂತ ಆಕಿನೂ ನನ್ನ ಸಂಗಟ ಜಲ್ದಿ ಬಾರಿಸಿದ್ಲು. ಯಾರನ್ನೂ ಒಬ್ಬರನ್ನೇ ಬಿಡಬ್ಯಾಡ್ರಿ ಅಂತ ಸರ್ ಕಲಿಸ್ಯಾರ. ಆಕಿದು ದೊಡ್ಡ ಡ್ರಮ್ಮು, ಎಲ್ಲಾರಿಗಿ ಅದೇ ಕೇಳ್ತು."

"ಎಲ್ಲಾರ ಮುಂದ ನಾ ಆ ಕೂಸಿಗಿ ಬೈದ್ನೆಲ್ಲ. ಆಗ್ಯಾಕ ಬಾಯಿ ಬಿಡ್ಲಿಲ್ಲ ನೀ?"

"ಅಂಜಿದ್ನಿ. ಆಕಿ ನನ್ನ ಮಾರಿ ನೋಡಿದ್ಲು, ನನ್ನ ಹೆಸರು ಹೇಳ್ಲಿಲ್ಲ."

ಅಪ್ಪ ತಲೆ ತಗ್ಗಿಸಿದ. ಇದನ್ನೆಲ್ಲ ಕೇಳಿಸಿಕೊಂಡದ್ದಕ್ಕೆ ತಾನೇ ನಾಚಿ ಶಿವಬಸಮ್ಮ ಬೇರೆ ಕಡೆ ತಿರುಗಿದಳು.

"ನುಜ್ಹತ, ನಿಮ್ಮ ಸರ್ ಎಲ್ಲಾ ಇನ್ನೂ ಸ್ಪರ್ಧಾ ನಡದಲ್ಲೇ ಇರ್ತಾರೇನು?" ಅಂದ ಅಪ್ಪ.

"ಊಟ ಮಾಡಾಕತ್ತಿರ್ತಾರ."

"ನಡಿ. ನೀ ಹೇಳು, ನಾ ಬಾಜೂಕ ನಿಂತಿರ್ತೀನಿ."

"ನನ್ನ ತಪ್ಪು ನಾ ಹೇಳ್ತೀನಿ. ನೀ ಬೈದಿದ್ದು ನೀನೇ ಹೇಳ್ಬೇಕಪ್ಪ."

ಶಹಾಪುರದ ಬಸ್ಸು ಬಂತು. ಶಿವಬಸಮ್ಮ ಹತ್ತಿ ಕೂತು ಕಿಟಕಿಯಿಂದ ನೋಡಿದಳು. ಡ್ರಮ್ಮು ಈಗ ಅಪ್ಪನ ಹೆಗಲಲ್ಲಿತ್ತು. ನಿಲ್ದಾಣದ ಹೊರಗೆ ಮಗಳು ಮುಂದೆ ನಡೆದಿದ್ದಳು, ಅಪ್ಪ ಅವಳ ಹಿಂದೆ.